ಪಿಂಡದ ಪಾಠ

ಏಪ್ರನ್ನಿನ ಮೇಲೆ ಮೂತ್ರಪಿಂಡಗಳಿರಲಿಲ್ಲ. ನಾನೇ ಕಿತ್ತಿಟ್ಟಿದ್ದೆ.

ಮಕ್ಕಳಿಗೆ ದೇಹದ ಪಾಠ ಹೇಳಲು ಶಾಲೆಯವರು ತರಿಸಿದ್ದ ನೀಲಿ ಬಟ್ಟೆಯ ಏಪ್ರನ್ ಅದು. ಕೊರಳಿಗೆ ಹಾಕಿ ಬೆನ್ನ ಹಿಂದೆ ಗಂಟು ಬಿಗಿದುಕೊಂಡರೆ ನನ್ನ ಎದೆ, ಹೊಟ್ಟೆಯೇ ಹಲಗೆ. ಕೆಂಪು ಹೃದಯ, ಗುಲಾಬಿ ಬಣ್ಣದ ಶ್ವಾಸಕೋಶ, ಹಳದಿ ಜಠರ, ಸುರುಳಿ ಸುತ್ತಿದ ಕರುಳು. ಎಲ್ಲವೂ ಬಟ್ಟೆಯವು, ಒಳಗೆ ಹತ್ತಿ. ವೆಲ್ಕ್ರೋದಿಂದ ಅಂಟಿಕೊಳ್ಳುತ್ತವೆ, ಎಳೆದರೆ ಚರ್ರೆಂದು ಕಿತ್ತು ಬರುತ್ತವೆ. ಆ ಸದ್ದಿಗೆ ಒಂದನೇ ತರಗತಿಯ ಮಕ್ಕಳು ಪ್ರತಿಸಲವೂ ನಗುತ್ತಾರೆ. ಅವರೆಕಾಳಿನ ಆಕಾರದ ಎರಡು ನೇರಳೆ ತುಂಡುಗಳನ್ನು ಮಾತ್ರ ನಾನು ಮೊದಲ ದಿನವೇ ತೆಗೆದು ಬೀರುವಿನ ಮೇಲ್ಗಡೆ ಇಟ್ಟಿದ್ದೆ.

ನನ್ನ ಗಂಡ ಪ್ರಮೋದ್‌ನ ಎರಡೂ ಮೂತ್ರಪಿಂಡಗಳು ಕೆಟ್ಟಿದ್ದವು. ಬದಲಿ ಒಂದು ಸಿಗುತ್ತದೆಂದು ಕಾಯುತ್ತಿದ್ದೆವು. ಹೋದ ಕಾರ್ತಿಕದಲ್ಲಿ ಸತ್ತ.

ಶಾಲೆ ಯಡಿಯೂರು ಕೆರೆಯ ಹತ್ತಿರ. ಚಿಕ್ಕದು, ಕನ್ನಡದಲ್ಲೇ ಪಾಠ. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಕೆಲಸ ಕೇಳಲು ಹೋದಾಗ ಮುಖ್ಯೋಪಾಧ್ಯಾಯಿನಿ ರಾಜಶ್ರೀ ಮೇಡಂ, "ಇಷ್ಟು ಓದಿ ಒಂದನೇ ಕ್ಲಾಸಿಗಾ ಸುಧಾಮಣಿ?" ಎಂದರು. ಮನೆಯಲ್ಲಿ ಕೂರಲು ಆಗುತ್ತಿಲ್ಲ ಎಂದೆ.

ನನ್ನ ಮಗ ವಿಷ್ಣು ಅದೇ ತರಗತಿಯಲ್ಲಿದ್ದಾನೆ. ಶಾಲೆಯ ಗೇಟು ದಾಟಿದ ಮೇಲೆ ಅವನು ನನ್ನನ್ನು ಅಮ್ಮ ಅನ್ನುವುದಿಲ್ಲ. ಎಲ್ಲರ ಹಾಗೆ ಮಿಸ್ ಎನ್ನುತ್ತಾನೆ, ಬಹುವಚನದಲ್ಲಿ ಮಾತಾಡುತ್ತಾನೆ. ಆ ನಿಯಮ ಮಾಡಿದವನು ಅವನೇ. ಸಂಜೆ ಗೇಟು ದಾಟುತ್ತಿದ್ದಂತೆ "ಅಮ್ಮ, ಈಗ ಅಮ್ಮ" ಎಂದು ನನ್ನ ಚೀಲ ಹಿಡಿದುಕೊಳ್ಳುತ್ತಾನೆ.

ಜಯನಗರದ ಮನೆಯಲ್ಲಿ ನಾವು ನಾಲ್ವರು. ಮಾವ ಅನಂತರಾಮು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು. ಇಂಗ್ಲಿಷ್ ಪದ ಬಾಯಿಗೆ ಬಂದರೆ ನುಂಗಿಕೊಂಡು ಕನ್ನಡದ್ದನ್ನು ಹುಡುಕಿ ಆಡುತ್ತಾರೆ. ಪ್ರಮೋದ್ ಆಸ್ಪತ್ರೆಯಲ್ಲಿದ್ದಾಗ ನೆಂಟರ ಫೋನಿಗೆಲ್ಲ ಅವರೇ ಉತ್ತರ ಕೊಡುತ್ತಿದ್ದರು.

"ಮೂತ್ರಪಿಂಡ ಎರಡೂ ಕೈಕೊಟ್ಟಿವೆ. ಒಂದು ಸಿಕ್ಕಿದ್ರೆ ಬದುಕ್ಕೋತಾನೆ. ಎಲ್ಲೂ ಸಿಗ್ತಾ ಇಲ್ಲ."

"ಕಿಡ್ನಿ ಅನ್ರೀ," ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು. "ಆ ಕಡೆಯೋರಿಗೆ ಏನೂಂತ ಅರ್ಥ ಆಗ್ಬೇಕು!"

"ಯಾಕೆ ಜಯಾ, ಕನ್ನಡದೋರಿಗೆ ಅದು ಇರೋದಿಲ್ವೇನು?"

ಆಗ ನಾವು ನಗುವುದಿತ್ತು. ವಿಷ್ಣು ಸೋಫಾದ ಕೆಳಗೆ ಕಾರು ಓಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಪ್ರಮೋದ್ ಸತ್ತ ಮೇಲೆ ಕರ್ಮ ಮಾಡಿದ್ದು ವಿಷ್ಣು. ಉಪನಯನವಾಗದ ಹುಡುಗ. ಮಂತ್ರ ಮಾವನದು, ಕೈ ಮಾತ್ರ ಅವನದು. ಹತ್ತನೆಯ ದಿನ ಬನಶಂಕರಿ ಕಡೆಯ ಒಂದು ಛತ್ರದ ಹಿತ್ತಿಲಲ್ಲಿ ಅವನು ಅನ್ನವನ್ನು ಎಳ್ಳಿನೊಂದಿಗೆ ಕಲಸಿ ಉಂಡೆ ಕಟ್ಟಿದ. ಮಾವ ಅವನ ಅಂಗೈ ಹಿಡಿದು, ಹೆಬ್ಬೆರಳಿನ ಪಕ್ಕದಿಂದ ನೀರು ಬಿಡುವುದನ್ನು ಹೇಳಿಕೊಟ್ಟರು. ಪಿಂಡವನ್ನು ಗೋಡೆಯ ಮೇಲಿಟ್ಟು ಎಲ್ಲರೂ ದೂರ ನಿಂತೆವು. ಕಾಗೆ ಬೇಗ ಬಂತು. ಪ್ರಮೋದ್‌ಗೆ ಯಾವ ಆಸೆಯೂ ಉಳಿದಿರಲಿಲ್ಲ ಎಂದು ಯಾರೋ ಹೇಳುತ್ತಿರುವಾಗಲೇ ವಿಷ್ಣು ಕಿರುಚಿಕೊಂಡು ಓಡಿದ. ಕಲ್ಲು ತೆಗೆದುಕೊಂಡು ಕಾಗೆಗೆ ಎಸೆದ. ಅವನನ್ನು ಹಿಡಿದುಕೊಳ್ಳಲು ಇಬ್ಬರು ಬೇಕಾದರು. ಮಗು ಕಾಗೆಗೆ ಹೆದರಿದೆ ಎಂದರು. ನಾನೂ ಹಾಗೇ ಅಂದುಕೊಂಡೆ. ಆ ದಿನಗಳಲ್ಲಿ ನಾನು ಯಾರು ಏನು ಹೇಳಿದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅವನಿಗೆ ಯಾರೂ ಸತ್ತ ಎಂಬ ಪದ ಹೇಳಿರಲಿಲ್ಲ. ಅತ್ತೆ "ಅಪ್ಪ ದೇವರ ಹತ್ರ ಹೋಗಿದಾನೆ ಕಂದ" ಎಂದಿದ್ದರು. ಮಾವ "ಪ್ರತಿ ವರ್ಷ ತಿಥಿಗೆ ಬರ್ತಾನೆ, ನೀನು ಕೊಟ್ಟಿದ್ದನ್ನ ತಗೋತಾನೆ" ಎಂದಿದ್ದರು. ನಾನು ಏನೂ ಅಂದಿರಲಿಲ್ಲ.

ಈಗ ವರ್ಷಾಬ್ದಿಕ ಬಂದಿತ್ತು. ಗುರುವಾರ ತಿಥಿ. ಮಾವ ಶಾಸ್ತ್ರಿಗಳಿಗೆ ಹೇಳಿದ್ದರು. ವಿಷ್ಣು ಬೆಳಿಗ್ಗೆ ಎದ್ದ ಕೂಡಲೇ "ಗುರುವಾರ ಯಾವಾಗ?" ಎನ್ನುತ್ತಿದ್ದ. ಊಟಕ್ಕೆ ಕೂತರೆ ತಟ್ಟೆಯ ಅಂಚಿನಲ್ಲಿ ಅನ್ನದ ಎರಡು ಉಂಡೆ ಮಾಡಿಡುತ್ತಿದ್ದ. ಒತ್ತಿ, ತಿರುಗಿಸಿ, ಒಡೆದು, ಮತ್ತೆ ಕಟ್ಟುತ್ತಿದ್ದ. ಅವನ್ನು ತಿನ್ನುತ್ತಿರಲಿಲ್ಲ. ಯಾರಾದರೂ ತಟ್ಟೆ ಎತ್ತಿದರೆ ಅಳುತ್ತಿದ್ದ.

"ಅಭ್ಯಾಸ ಮಾಡ್ಕೋತಿದೆ ಪಾಪ," ಎಂದರು ಅತ್ತೆ.

ಅವನು ಯಾವುದಕ್ಕೋ ಕಾಯುತ್ತಿದ್ದ. ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಯಾರೂ ಯಾವುದಕ್ಕೂ ಕಾಯುತ್ತಿರಲಿಲ್ಲವಾದ್ದರಿಂದ ಅದು ಎದ್ದು ಕಾಣುತ್ತಿತ್ತು. ಆದರೂ ನಾನು ಕೇಳಲಿಲ್ಲ.

ಸೋಮವಾರ ಅಂಗಾಂಗಗಳ ಪಾಠದ ಕೊನೆಯ ದಿನ. ಮೈದಾಹಿಟ್ಟಿಗೆ ಬೀಟ್‌ರೂಟ್ ರಸ, ಅರಿಶಿನ ಹಾಕಿ ಕಲಸಿ, ಸ್ವಲ್ಪವನ್ನು ಬಿಳಿಯಾಗೇ ಬಿಟ್ಟು, ಡಬ್ಬಿಗಳಲ್ಲಿ ತಂದಿದ್ದೆ. ನೆಲದ ಮೇಲೆ ಕಂದು ಕಾಗದ ಹಾಸಿದೆ. ಯಾರು ಮಲಗುತ್ತೀರಿ ಎಂದಾಗ ಪ್ರಕೃತಿ ಎಲ್ಲರಿಗಿಂತ ಮೊದಲು ಬಂದು ಅಂಗಾತ ಮಲಗಿದಳು. ಅವಳ ಸುತ್ತ ಪೆನ್ಸಿಲ್ ಎಳೆದೆ. ಕಂಕುಳ ಹತ್ತಿರ ಬಂದಾಗ ಕಚಗುಳಿಗೆ ಒದ್ದಾಡಿದಳು, ಚಿತ್ರದಲ್ಲಿ ಒಂದು ಕೈ ಸೊಟ್ಟಗಾಯಿತು. ಅವಳು ಎದ್ದ ಮೇಲೆ ಅವಳ ಖಾಲಿ ಆಕಾರ ಕಾಗದದ ಮೇಲೆ ಉಳಿಯಿತು.

ಮಕ್ಕಳು ಹಿಟ್ಟಿನಲ್ಲಿ ಹೃದಯ ಮಾಡಿಟ್ಟರು. ಕರುಳನ್ನು ಚಕ್ಕುಲಿಯ ಹಾಗೆ ಸುತ್ತಿಟ್ಟರು. ಆಗ ಭೀಮೇಶ್ ಎದ್ದು ನಿಂತ. ಅವನು ಜರಗನಹಳ್ಳಿಯಿಂದ ಬರುವ ಹುಡುಗ, ಗಂಟಲು ದೊಡ್ಡದು.

"ಮಿಸ್, ಉಚ್ಚೆ ಎಲ್ಲಿ ತಯಾರಾಗುತ್ತೆ?"

ತರಗತಿ ಬಿದ್ದುಬಿದ್ದು ನಕ್ಕಿತು.

"ಹೊಟ್ಟೇಲಿ ಕಣೋ, ನೀರು ಕುಡಿತೀವಲ್ಲ," ಎಂದಳು ಪ್ರಕೃತಿ.

"ಮತ್ತೆ ಯಾಕೆ ಹಳದಿ?"

"ಸಾರಲ್ಲಿ ಅರಿಶಿನ ಹಾಕಿರ್ತಾರೆ, ಅದಕ್ಕೆ. ಅಷ್ಟೂ ಗೊತ್ತಿಲ್ವಾ ಪೆದ್ದು?"

ಕೆಳಗೆ ಬಿದ್ದ ಹಿಟ್ಟನ್ನು ಒರೆಸುತ್ತಿದ್ದ ಆಯಾ ಮುನಿಯಕ್ಕ ಕೂಡ ನಕ್ಕಳು. ನಾನು ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮಗು ಸರಿಯಾದ ಪ್ರಶ್ನೆ ಕೇಳಿತ್ತು. ಕುರ್ಚಿ ಹತ್ತಿ ಬೀರುವಿನ ಮೇಲಿಂದ ನೇರಳೆ ತುಂಡುಗಳನ್ನು ತೆಗೆದೆ. ಧೂಳು ಕೊಡವಿದೆ. ಮಕ್ಕಳಿಗೆ ಬೆನ್ನು ತಿರುಗಿಸಿ ನಿಂತು, ಅವು ಇರುವ ಜಾಗದಲ್ಲಿ, ಸೊಂಟದ ಮೇಲೆ, ಎರಡು ಕಡೆ ಹಿಡಿದು ತೋರಿಸಿದೆ.

"ಇವು ಮನೇಲಿ ಕಾಫಿ ಫಿಲ್ಟರ್ ಇರುತ್ತಲ್ಲ, ಹಾಗೆ. ರಕ್ತಾನ ಸೋಸ್ತವೆ. ಬೇಡದ್ದೆಲ್ಲ ಉಚ್ಚೆಯಾಗಿ ಹೋಗುತ್ತೆ."

"ಇದಕ್ಕೆ ಏನಂತಾರೆ ಮಿಸ್?"

"ಕಿಡ್ನಿ," ಎಂದೆ.

"ಅಲ್ಲ ಮಿಸ್," ಎಂದ ವಿಷ್ಣು. "ಪಿಂಡ."

ನಾನು ತಿರುಗಿದೆ. ಅವನು ಆಗಲೇ ಕಾಗದದ ಪಕ್ಕ ಮಂಡಿಯೂರಿ ಕೂತಿದ್ದ. ಬಣ್ಣ ಹಾಕದ ಬಿಳಿ ಹಿಟ್ಟನ್ನು ಎರಡು ಉಂಡೆ ಮಾಡಿದ್ದ. ಬೇರೆ ಮಕ್ಕಳು ಮಾಡಿದವುಗಳಲ್ಲಿದ್ದಂಥ ಬಿರುಕು ಅವುಗಳಲ್ಲಿ ಇರಲಿಲ್ಲ.

"ಕೆಟ್ಟೋದ್ರೆ ಹೊಸದು ಮಾಡಬಹುದು," ಎಂದು ಅವನು ಸುತ್ತಲಿದ್ದವರಿಗೆ ಹೇಳಿದ. ಪಾಠ ಹೇಳುವಾಗ ನಾನು ಆಡುವ ದನಿಯಲ್ಲೇ ಹೇಳಿದ. "ಅನ್ನದಲ್ಲಿ ಮಾಡ್ತಾರೆ. ನಾನು ಮಾಡಿದೀನಿ. ನಮ್ಮಪ್ಪಂಗೆ."

"ಸುಳ್ಳು!" ಎಂದ ಭೀಮೇಶ್.

"ದೇವ್ರಾಣೆ. ತಾತನ್ನ ಕೇಳು. ಹೀಗಿಟ್ಟು, ಆಮೇಲೆ ನೀರು ಬಿಡಬೇಕು. ಹೀಗಲ್ಲ. ಈ ಕಡೆಯಿಂದ."

ಬಲಗೈ ಅಂಗೈಗೆ ಬಾಟಲಿಯ ನೀರು ಸುರಿದುಕೊಂಡ. ಕೈ ಓರೆ ಮಾಡಿ, ಹೆಬ್ಬೆರಳಿನ ಪಕ್ಕದಿಂದ, ಪ್ರಕೃತಿಯ ಆಕಾರದ ಮೇಲೆ ಬಿಟ್ಟ.

ಚೆನ್ನಾಗಿ ಮಾಡಿದ. ಅದೇ ಮೊದಲು ನನ್ನ ತಲೆಗೆ ಬಂದದ್ದು.

ಉಳಿದ ಮಕ್ಕಳೂ ಬಾಟಲಿ ತೆಗೆದರು. ಎಲ್ಲರಿಗೂ ನೀರಾಟವೆಂದರೆ ಸಾಕು. ಕಾಗದದ ಸುತ್ತ ಕೂತು, ಒಬ್ಬರ ಕೈಯನ್ನು ಇನ್ನೊಬ್ಬರು ನೋಡಿಕೊಂಡು, ಹೆಬ್ಬೆರಳು ಓರೆ ಮಾಡಿ ನೀರು ಬಿಡತೊಡಗಿದರು. ಪ್ರಕೃತಿ ತನ್ನ ಮೇಲೆ ತಾನೇ ಬಿಡುತ್ತಿದ್ದಳು. ಬೀಟ್‌ರೂಟ್ ಬಣ್ಣ ಕರಗಿ ಕಾಗದದ ಎದೆಯಿಂದ ಹರಿಯಿತು.

"ಅಯ್ಯಯ್ಯೋ! ಬಿಡ್ರೋ! ಬಿಡ್ರೇ!" ಮುನಿಯಕ್ಕ ಒರೆಸುವ ಬಟ್ಟೆ ಎಸೆದು ಬಂದಳು. "ಬದುಕಿರೋ ಕೂಸಿಗೆ ಯಾರಾದ್ರೂ ಹಂಗ್ ಬಿಡ್ತಾರಾ? ಮೇಡಂ, ನೋಡ್ತಾ ನಿಂತಿದ್ದೀರಲ್ಲ!"

ಅವಳು ಕಾಗದವನ್ನು ಹಿಟ್ಟಿನ ಸಮೇತ ಮುದುರಿ ಎತ್ತಿದಳು.

"ಬೇಡ! ಕಾಗೆಗೆ ಕೊಡಬೇಡಿ!" ಎಂದು ವಿಷ್ಣು ಅವಳ ಸೀರೆ ಹಿಡಿದು ಜಗ್ಗಿದ. "ಅಮ್ಮ, ಕೊಡಬೇಡ ಅಂತ ಹೇಳು! ಅಮ್ಮ!"

ಶಾಲೆಯೊಳಗೆ ಅವನು ನನ್ನನ್ನು ಅಮ್ಮ ಎಂದದ್ದು ಅದೇ ಮೊದಲು. ನೇರಳೆ ತುಂಡುಗಳು ಇನ್ನೂ ನನ್ನ ಕೈಯಲ್ಲಿದ್ದವು. ಬೆರಳು ಬಿಡಿಸಲು ಬರಲಿಲ್ಲ. ಛತ್ರದ ಹಿತ್ತಿಲು, ಕಲ್ಲು, ಕಾಗೆ, ತಟ್ಟೆಯ ಅಂಚಿನ ಅನ್ನ, ಎಲ್ಲ ಒಂದೇ ಸಲ ಬಂದು ನಿಂತವು.

ರಾಜಶ್ರೀ ಮೇಡಂ ನನ್ನನ್ನು ಬೇಗ ಮನೆಗೆ ಕಳಿಸಿದರು. "ಪ್ರಕೃತಿ ತಾಯಿ ಫೋನ್ ಮಾಡೇ ಮಾಡ್ತಾರೆ, ನಾನು ಮಾತಾಡ್ಕೋತೀನಿ. ನೀವು ಮಗನ ಹತ್ರ ಮಾತಾಡಿ," ಎಂದರು. ಬಾಗಿಲವರೆಗೂ ಬಂದು, "ಇವತ್ತೇ," ಎಂದರು.

ಕೆರೆಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆವು. ವಿಷ್ಣು ಕಾಲು ಆಡಿಸುತ್ತಿದ್ದ. ಉಗುರಲ್ಲಿ ಹಿಟ್ಟು ಇತ್ತು.

"ನೀನು ಹೋದ ವರ್ಷ ಮಾಡಿದ್ದು ಏನು ಅಂದ್ಕೊಂಡಿದ್ದೀಯ?"

"ಅಪ್ಪನ ಮೂತ್ರಪಿಂಡ."

"ಯಾರು ಹೇಳಿದ್ರು?"

"ತಾತ. ಅಪ್ಪಂಗೆ ಪಿಂಡ ಸಿಕ್ಕಿದ್ರೆ ಬದುಕ್ಕೋತಾನೆ ಅಂದ್ರು. ಆಮೇಲೆ ಅಪ್ಪಂಗೆ ಪಿಂಡ ಮಾಡು ಅಂದ್ರು. ನಾನು ಮಾಡ್ದೆ. ಕಾಗೆ ತಿನ್ಬಿಡ್ತು." ಅವನು ನನ್ನ ಕಡೆ ನೋಡಿದ. "ಈ ಸಲ ತಿನ್ನಕ್ಕೆ ಬಿಡಲ್ಲ. ಅಪ್ಪ ಬಂದು ತಗೋಳೋವರ್ಗೂ ನಾನು ಅಲ್ಲೇ ಕಾಯ್ತೀನಿ."

ನಾನು ಕೆರೆ ನೋಡಿದೆ.

"ಅಮ್ಮ, ಅನ್ನದಲ್ಲಿ ಮಾಡಕ್ಕೆ ಬರುತ್ತಲ್ಲ, ಮತ್ತೆ ಅಪ್ಪ ಆಸ್ಪತ್ರೇಲಿ ಇದ್ದಾಗ್ಲೇ ಯಾಕೆ ನನ್ನ ಕೈಲಿ ಮಾಡಿಸ್ಲಿಲ್ಲ? ಎಲ್ಲೂ ಸಿಗಲ್ಲ ಎಲ್ಲೂ ಸಿಗಲ್ಲ ಅಂತಿದ್ರಿ. ನನ್ನ ಒಂದ್ಸಲ ಕೇಳ್ಬೇಕಿತ್ತು."

ಆರು ವರ್ಷದ ಹುಡುಗ ಒಂದು ವರ್ಷ ಇದನ್ನು ಇಟ್ಟುಕೊಂಡಿದ್ದ. ನಾವು ಕೇಳಲಿಲ್ಲವೆಂದು ಒಮ್ಮೆಯೂ ಸಿಟ್ಟು ಮಾಡಿರಲಿಲ್ಲ. ಅಜ್ಜಿಗೆ ಹೂ ಕಿತ್ತುಕೊಟ್ಟಿದ್ದ, ತಾತನ ಕನ್ನಡಕ ಹುಡುಕಿಕೊಟ್ಟಿದ್ದ, ರಾತ್ರಿ ನನ್ನ ಮೇಲೆ ಕಾಲು ಹಾಕಿ ಮಲಗಿದ್ದ.

"ಅಪ್ಪ ಸತ್ತಿದಾರೆ ವಿಷ್ಣು," ಎಂದೆ.

ಪದ ಹೊರಗೆ ಬಂದ ಮೇಲೆ ಅದನ್ನು ನಾನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲೆಂದು ಗೊತ್ತಾಯಿತು.

"ದೇವರ ಹತ್ರ ಹೋಗಿದಾರೆ."

"ಸತ್ತೋರನ್ನ ಹಾಗಂತಾರೆ."

"ಸತ್ರೆ ಏನಾಗುತ್ತೆ?"

ನನಗೆ ಬೇರೆ ಭಾಷೆ ಬರಲಿಲ್ಲ. ಪಾಠದ ಭಾಷೆಯಲ್ಲೇ ಹೇಳಿದೆ. "ಹೃದಯ ನಿಲ್ಲುತ್ತೆ. ಶ್ವಾಸಕೋಶ ನಿಲ್ಲುತ್ತೆ. ಮೆದುಳಿಗೆ ಏನೂ ಗೊತ್ತಾಗಲ್ಲ. ನೋವೂ ಇಲ್ಲ, ಹಸಿವೂ ಇಲ್ಲ. ಅಪ್ಪಂಗೆ ಎಲ್ಲಾನೂ ನಿಂತೋಯ್ತು."

"ಮತ್ತೆ ಶುರು ಆಗಲ್ವಾ?"

"ಇಲ್ಲ."

"ಹೊಸ ಪಿಂಡ ಹಾಕಿದ್ರೂ?"

"ಹಾಕಿದ್ರೂ ಇಲ್ಲ. ಮತ್ತೆ ನೀನು ಮಾಡಿದ್ದು ಅಪ್ಪನ ಕಿಡ್ನಿ ಅಲ್ಲ ಪುಟ್ಟ. ಅದಕ್ಕೂ ಪಿಂಡ ಅಂತಾರೆ, ಇದಕ್ಕೂ ಪಿಂಡ ಅಂತಾರೆ. ನೀನು ಮಾಡಿದ್ದು ಬರೀ ಅನ್ನ."

ಅವನು ಉಗುರಿನ ಹಿಟ್ಟು ಕೀಳತೊಡಗಿದ.

"ಇದನ್ನ ನೀನು ಮಿಸ್ಸಾಗಿ ಹೇಳ್ತಿದೀಯಾ, ಅಮ್ಮನಾಗಿ ಹೇಳ್ತಿದೀಯಾ?"

"ಇಬ್ರೂ ಹೇಳ್ತಿದೀವಿ."

ಆಗ ಅವನು ಅತ್ತ. ಸದ್ದು ಮಾಡದೆ ಅತ್ತ. ವಾಕಿಂಗ್ ಹೋಗುತ್ತಿದ್ದ ಒಬ್ಬರು ನಿಂತು, "ಏನಾಯ್ತಮ್ಮ, ಬಿದ್ನಾ?" ಎಂದರು. ಹೌದು ಎಂದೆ.

ಮನೆಗೆ ಬಂದು ಅವನನ್ನು ಟೀವಿಯ ಮುಂದೆ ಕೂರಿಸಿ, ಅಡುಗೆಮನೆಯಲ್ಲಿ ಅತ್ತೆ ಮಾವನಿಗೆ ಹೇಳಿದೆ. ನಡೆದದ್ದನ್ನಷ್ಟೇ ಹೇಳಿದೆ. ಅತ್ತೆ ಹಾಲು ಉಕ್ಕುವ ಮೊದಲೇ ಒಲೆ ಆರಿಸಿದರು. ಮಾವ ಗೋಡೆಗೆ ಕೈಯೂರಿ ನಿಂತರು.

"ಪಿಂಡ ಅಂದ್ರೆ..." ಎಂದು ಶುರುಮಾಡಿದರು. ಮೂವತ್ತು ವರ್ಷ ಪಾಠ ಹೇಳಿದ ಬಾಯಿ. "ಪಿಂಡ ಅಂದ್ರೆ ಉಂಡೆ. ಒಟ್ಟಾಗಿ ಕೂಡಿದ್ದು. ಅನ್ನದ್ದಾಗಲಿ, ಮಾಂಸದ್ದಾಗಲಿ. ಪದ ಒಂದೇ, ಅರ್ಥ..."



"ಒಂದೇ ಅಲ್ವಾ ಮಾವ ಪದ?" ಎಂದೆ. "ಹಾಗಾದ್ರೆ ಅವನು ತಪ್ಪು ತಿಳ್ಕೊಂಡಿಲ್ಲ."

ಅತ್ತೆ ಗಂಡನ ಕಡೆ ತಿರುಗಿದರು. "ನಾನು ಬಡ್ಕೊಂಡೆ. ಕಿಡ್ನಿ ಅನ್ರೀ ಅಂತ ಬಡ್ಕೊಂಡೆ. ಕೇಳಿದ್ರಾ? ಆ ಕೂಸು ತನ್ನ ಕೈಯಾರೆ ಅಪ್ಪನ್ನ ಉಳಿಸ್ತೀನಿ ಅಂತ..." ಮಾವನ ತೋಳಿಗೆ ಒಂದು ಏಟು ಕೊಟ್ಟರು. ನಾನು ಮದುವೆಯಾಗಿ ಬಂದಾಗಿನಿಂದ ಅವರು ಗಂಡನನ್ನು ಹೊಡೆದದ್ದು ಕಂಡಿರಲಿಲ್ಲ. ಮಾವನೂ ಕಂಡಿರಲಿಲ್ಲವೇನೋ. ತೋಳು ಉಜ್ಜಿಕೊಳ್ಳದೆ ಹಾಗೇ ನಿಂತಿದ್ದರು.

"ಗುರುವಾರ ಅವನ ಕೈಲಿ ಬೇಡ," ಎಂದರು ಕಡೆಗೆ. "ನಾನೇ ಮಾಡ್ತೀನಿ."

"ನಾನೇ ಮಾಡ್ತೀನಿ," ಎಂದಿತು ಬಾಗಿಲ ಕಡೆಯಿಂದ ಇನ್ನೊಂದು ದನಿ. ವಿಷ್ಣು ರಿಮೋಟ್ ಹಿಡಿದು ನಿಂತಿದ್ದ. "ನಂಗೆ ಬರುತ್ತೆ ತಾತ. ನಿಮ್ಮ ಕೈ ನಡುಗುತ್ತೆ, ನಿಮ್ಮದು ಒಡ್ದೋಗುತ್ತೆ."

ಆ ರಾತ್ರಿ ಊಟದಲ್ಲಿ ಅವನು ಉಂಡೆ ಕಟ್ಟಲಿಲ್ಲ. ಅನ್ನವನ್ನೆಲ್ಲ ತಿಂದ. ನಾನು ಸಮಾಧಾನ ಪಟ್ಟುಕೊಳ್ಳಬೇಕೆಂದು ನನಗೆ ಗೊತ್ತಿತ್ತು. ಅವನ ಖಾಲಿ ತಟ್ಟೆ ತೊಳೆದು ಮತ್ತೆ ತೊಳೆದೆ.

ಗುರುವಾರ ಶಾಸ್ತ್ರಿಗಳು ಬಂದರು. ಹೊಗೆಗೆ ಎಲ್ಲರ ಕಣ್ಣೂ ಕೆಂಪಾಯಿತು, ಯಾರು ಅಳುತ್ತಿದ್ದಾರೆಂದು ಹೇಳುವಂತಿರಲಿಲ್ಲ. ವಿಷ್ಣು ಪಂಚೆ ಉಟ್ಟು ಕೂತಿದ್ದ. ಅನ್ನಕ್ಕೆ ಎಳ್ಳು, ತುಪ್ಪ ಬೆರೆಸಿದ. ಬೇಗ ಬೇಗ ಕಟ್ಟಿದ. ಸೋಮವಾರ ಶಾಲೆಯಲ್ಲಿ ಕಟ್ಟಿದಷ್ಟು ನುಣುಪಾಗಿ ಕಟ್ಟಲಿಲ್ಲ. ಒಂದಕ್ಕೆ ಬಿರುಕಿತ್ತು. ಸರಿಮಾಡಲು ಹೋಗಲಿಲ್ಲ. ಹೆಬ್ಬೆರಳಿನ ಪಕ್ಕದಿಂದ ನೀರು ಬಿಟ್ಟು ಕೈ ಒರೆಸಿಕೊಂಡ.

ಕಾಗೆಗೆಂದು ತೆಗೆದಿರಿಸಿದ ಪಿಂಡವನ್ನು ಬಾಳೆಲೆಯ ತುಂಡಿನ ಮೇಲೆ ಹೊತ್ತು ಎಲ್ಲರೂ ತಾರಸಿಗೆ ಹೋದೆವು. ಅವನೇ ಪ್ಯಾರಪೆಟ್ ಮೇಲೆ ಇಟ್ಟ. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಒಂದು ಕಾಗೆ ಕೂತಿತ್ತು. "ಕಾ... ಕಾ..." ಎಂದು ಅತ್ತೆ ಕರೆದರು. ಕರೆದದ್ದು ಕಾಗೆಯನ್ನು, ಅವರು ನೋಡುತ್ತಿದ್ದದ್ದು ವಿಷ್ಣುವನ್ನು. ಮಾವ ಅವನ ಹಿಂದೆಯೇ ನಿಂತು, ಓಡಿದರೆ ಹಿಡಿಯಬೇಕೆಂದು ಕೈ ಅವನ ಭುಜದ ಹತ್ತಿರವೇ ಇಟ್ಟುಕೊಂಡಿದ್ದರು. ಶಾಸ್ತ್ರಿಗಳಿಗೂ ಹೇಳಿಟ್ಟಿದ್ದರೆಂದು ಕಾಣುತ್ತದೆ, ಅವರೂ ಅವನನ್ನೇ ನೋಡುತ್ತಿದ್ದರು.

ಕಾಗೆ ಇಳಿದು ಬಂತು. ಪ್ಯಾರಪೆಟ್ ಮೇಲೆ ಎರಡು ಸಲ ಕುಪ್ಪಳಿಸಿತು. ತಲೆ ಓರೆ ಮಾಡಿ ಪಿಂಡ ನೋಡಿತು. ವಿಷ್ಣು ಅಲ್ಲಾಡಲಿಲ್ಲ. ಕೊಕ್ಕು ತೆರೆಯಿತು.

"ಹುಶ್! ಹುಶ್! ಹೋಗು!"

ಯಾರೋ ಕಿರುಚಿದರು. ಕಾಗೆ ಹಾರಿತು. ಬಾಳೆಲೆ ಅಲುಗಾಡಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಗುಂಪು ಬಿಟ್ಟು ಪ್ಯಾರಪೆಟ್ಟಿನವರೆಗೆ ಓಡಿ ಬಂದಿದ್ದೆ. ಬಲಗೈ ಮೇಲೆದ್ದಿತ್ತು. ಗಂಟಲು ಉರಿಯುತ್ತಿತ್ತು.

"ಸುಧಾ!" ಎಂದರು ಅತ್ತೆ.

ಕೈ ಇಳಿಸಲು ನೋಡಿದೆ. ಇಳಿಯಲಿಲ್ಲ. ಹತ್ತಿರದಿಂದ ಆ ಉಂಡೆ ಕಾಣುತ್ತಿತ್ತು. ಅದರ ಮೇಲೆ ನನ್ನ ಮಗನ ಬೆರಳುಗಳ ಗುರುತಿತ್ತು.

ವಿಷ್ಣು ಬಂದ. ತುದಿಗಾಲಲ್ಲಿ ನಿಂತು ನನ್ನ ಮೊಣಕೈ ಹಿಡಿದು ಕೆಳಗೆ ಎಳೆದ.

"ಅಮ್ಮ," ಎಂದ, ಬೇರೆಯವರಿಗೆ ಕೇಳಿಸದಂತೆ. "ಅದು ಬರೀ ಅನ್ನ."

ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಕಾಗೆ ಮತ್ತೆ ಬರುವವರೆಗೆ ಬಿಡಲಿಲ್ಲ.